ಹಸಿರು ಪಟ್ಟಿಯ ಮೇಲೆ ಕೆಂಪು ಅಕ್ಷರ

ನಾನು ಜಮಖಂಡಿಯಲ್ಲಿ ಕಂಪ್ಯೂಟರ್ ಕ್ಲಾಸು ನಡೆಸುತ್ತಿದ್ದಾಗ, ಹೊಳೆದಂಡೆಯ ಕಬ್ಬು ಬೆಳೆಗಾರರ ಸಂಘವೊಂದರ ಅಧ್ಯಕ್ಷರು ಬಂದು ವೆಬ್‌ಸೈಟ್ ಮಾಡಿಕೊಡಲು ಕೇಳಿದರು. ಮಳೆಗಾಲದಲ್ಲಿ ಮೇಲಿನ ಅಣೆಕಟ್ಟುಗಳಿಂದ ನೀರು ಬಿಟ್ಟರೆ ಹಿಪ್ಪರಗಿ ಬ್ಯಾರೇಜಿನ ಕಡೆ ಹೊಳೆ ಎಷ್ಟು ಏರುತ್ತದೆ ಎಂಬ ಸುದ್ದಿ ದಿನಾ ಅದರಲ್ಲಿ ಬರಬೇಕಿತ್ತು. ನನಗೆ ಹುಮ್ಮಸ್ಸು ಬಂತು. ಬಿಳಿ ಪುಟ, ದಪ್ಪ ಕಪ್ಪು ಅಕ್ಷರ, ಎಲ್ಲಕ್ಕಿಂತ ಮೇಲೆ ನೀರಿನ ಸುದ್ದಿ. ಹಾಗೆ ಮಾಡಿ ತೋರಿಸಿದೆ.

ಅಧ್ಯಕ್ಷರ ಮುಖ ಸಣ್ಣದಾಯಿತು. “ಇದೇನ್ರಿ ಅಕ್ಕಾರ, ಸತ್ತವರ ಸುದ್ದಿ ಹಚ್ಚಿದಂಗ ಕಾಣತೈತಿ. ಮೊದಲ ನಮ್ಮ ಫೋಟೋ ಬರಲಿ. ಕೆಳಗ ಕಬ್ಬಿನಂಥಾ ಹಸರ ಪಟ್ಟಿ, ಅದರ ಮ್ಯಾಲೆ ನೀರಿನ ಸುದ್ದಿ ಕೆಂಪ ಅಕ್ಷರದಾಗ ಓಡ್ಬೇಕು.”

“ಓಡೋ ಅಕ್ಷರ ವಯಸ್ಸಾದವರಿಗೆ ಓದಾಕ ಆಗಂಗಿಲ್ರಿ. ಫೋಟೋ ತೆರೀಲಿಕ್ಕೂ ಹೊತ್ತು ಹಿಡೀತೈತಿ” ಎಂದೆ.

“ಓದೋರು ಓದ್ತಾರ ಬಿಡ್ರಿ.”

ಅವರು ಹೇಳಿದಂತೆಯೇ ಆಯಿತು. ನೀರಿನ ಸುದ್ದಿ ದಿನಾ ನಾನೇ ಹಾಕುತ್ತಿದ್ದೆ.

ಒಂದು ಮಳೆಗಾಲ, ಹೊಳೆ ಏರಿದ ಮರುದಿನ ದಂಡೆಯ ಊರಿನ ರೈತನೊಬ್ಬ ಕ್ಲಾಸಿಗೆ ಬಂದ. ಅವನ ಮಗಳು ನನ್ನ ಹತ್ತಿರ ಟೈಪಿಂಗ್ ಕಲಿತವಳು. ಅವನ ಪಂಪಿನ ಮೋಟಾರು ನೀರಿನಲ್ಲಿ ಮುಳುಗಿತ್ತು.

“ನಿನ್ನಿ ಬನಹಟ್ಟಿ ಸಂತಿಗೆ ಹೋದಾಗ ನೆಟ್ ಸೆಂಟರಿನ್ಯಾಗ ನೋಡೀನ್ರಿ. ನೀವು ಏನೂ ಹಾಕಿರಲಿಲ್ಲ” ಎಂದ.

ಹಾಕಿದ್ದೆ. ಸಿಟ್ಟಿನಿಂದಲೇ ಪುಟ ತೆರೆದೆ. ಅಧ್ಯಕ್ಷರ ಫೋಟೋ ಹಣೆಯಿಂದ ಗದ್ದದವರೆಗೆ ನಿಧಾನವಾಗಿ ಇಳಿಯಿತು. ಕೆಳಗಿನ ಪಟ್ಟಿಗೆ ಬೆರಳಿಟ್ಟು ತೋರಿಸಿದೆ. ಅವನು ಬಗ್ಗಿ ನೋಡಿದ.

“ಎಲ್ಲೈತ್ರಿ? ಬರೇ ಪಟ್ಟಿ ಐತಲ್ಲ.”

ಆಮೇಲೆ ಸಂಕೋಚದಿಂದ ಹೇಳಿದ. “ನನಗ ಗಿಡದಾಗ ಮೆಣಸಿನಕಾಯಿ ಹಣ್ಣಾಗಿದ್ದು ತಿಳಿಯಂಗಿಲ್ರಿ. ಕೆಂಪು, ಹಸರು ಎಲ್ಲಾ ಒಂದ. ಮನ್ಯಾಗ ನಗತಾರ.”

ನಾನು ನೇರ ಅಧ್ಯಕ್ಷರ ಮನೆಗೆ ಹೋದೆ. ಅವರು ಚಹಾ ಕುಡಿಯುತ್ತಲೇ ಕೇಳಿಸಿಕೊಂಡರು. “ಒಬ್ಬಾವನ ಸಲುವಾಗಿ ಬಣ್ಣ ಬದಲ ಮಾಡೂದೇನ್ರಿ?”

“ಒಬ್ಬಾವನ ಅಂತ ಹೆಂಗ ಹೇಳ್ತೀರಿ? ಕಾಣದವರು ಬಂದು, ನಮಗ ಕಾಣವಲ್ದು ಅಂತ ನಿಮಗ ಹೇಳ್ತಾರೇನು?”

ಅವರು ಚಹಾ ಮುಗಿಸಿ ಎದ್ದು ಒಳಗೆ ಹೋದರು. ಅಂದೇ ಸಂಜೆ ಪಟ್ಟಿ ತೆಗೆದು, ಓಡುವ ಅಕ್ಷರ ನಿಲ್ಲಿಸಿ, ಬಿಳಿಯ ಮೇಲೆ ಕಪ್ಪಿನಲ್ಲಿ ಸುದ್ದಿ ಬರೆದೆ. ಅದು ಒಂದು ವಾರವೂ ಉಳಿಯಲಿಲ್ಲ. ಅಧ್ಯಕ್ಷರು ಕೆಲಸವನ್ನು ಮುಧೋಳದ ಬೇರೊಬ್ಬರಿಗೆ ಕೊಟ್ಟರು. ಹಸಿರು ಪಟ್ಟಿ ಮರಳಿ ಬಂತು, ಜೊತೆಗೆ ಪುಟ ತೆರೆದರೆ ಶಹನಾಯಿಯೂ ಮೊಳಗತೊಡಗಿತು.

ನಾನು ಆ ರೈತನಿಗೆ ನನ್ನ ಫೋನ್ ನಂಬರ್ ಕೊಟ್ಟೆ. ಹಿಪ್ಪರಗಿಯ ಪರಿಚಿತರನ್ನು ಕೇಳಿ ಅವನಿಗೆ ನೀರಿನ ಸುದ್ದಿ ಹೇಳುತ್ತಿದ್ದೆ. ಅವನಿಂದ ನಂಬರ್ ಅವನ ಊರಿಗೆಲ್ಲ ಹೋಯಿತು. ಮಳೆಗಾಲದಲ್ಲಿ ಪಾಠದ ನಡುವೆ ಫೋನ್ ಮೇಲೆ ಫೋನ್. ಒಂದು ಕಪ್ಪು ಸಾಲು ಮಾಡಬಹುದಾಗಿದ್ದ ಕೆಲಸಕ್ಕೆ ನನ್ನ ಗಂಟಲು ಒಣಗುತ್ತಿತ್ತು. ಪ್ರತಿ ಸಲ ಸಿಟ್ಟು ಬರುತ್ತಿತ್ತು, ಫೋನ್ ಮಾಡಿದವರ ಮೇಲಲ್ಲ.