ಅಲೆ ಅಡ್ಡ ಬಂದ ಮಾತು

ಎಂಬತ್ತರ ದಶಕದ ಕೊನೆಯಲ್ಲಿ ನಾನು ಇಸ್ಲಾಮಿನ ಪವಿತ್ರ ಗ್ರಂಥದ ಸಂಭಾಷಣೆಗಳ ಮೇಲೆ ಸಂಶೋಧನೆ ಮಾಡುತ್ತಿದ್ದೆ. ಹತ್ತಿರ, ದೂರ, ಮೇಲೆ, ಕೆಳಗೆ ಎಂದು ಮೈ ಕಲಿತದ್ದರಿಂದಲೇ ಮನಸ್ಸು ಮಾತು ಕಟ್ಟುತ್ತದೆ ಎನ್ನುವ ಭಾಷಾವಿಜ್ಞಾನ ಆಗ ಹೊಸದು, ನಾನು ಹಿಡಿದದ್ದೂ ಅದೇ ದಾರಿ. ರಾಜಾಜಿನಗರದ ನಮ್ಮ ಮನೆಯಲ್ಲಿ ಅಪ್ಪ, "ಓದೋಕೆ ಬೇರೆ ಏನೂ ಸಿಗ್ಲಿಲ್ವೇನೇ?" ಎಂದು ಒಮ್ಮೆ ಕೇಳಿದ್ದರು, ಅಷ್ಟೇ.

ನನಗೆ ಅರಬ್ಬಿ ಕಲಿಸಿದವರು ಗೋವಿಂದರಾಜನಗರದ ಬಾಡಿಗೆ ಮನೆಯಲ್ಲಿದ್ದ ನಿವೃತ್ತ ಉರ್ದು ಮೇಷ್ಟ್ರು. ಒಂದು ಸಂಜೆ ಪ್ರಳಯದ ಪ್ರಸಂಗಕ್ಕೆ ಬಂದೆವು. ದೂರ ನಿಂತ ಮಗನನ್ನು ಪ್ರವಾದಿಯಾದ ತಂದೆ ಹಡಗಿಗೆ ಕರೆಯುತ್ತಾನೆ. ಬೆಟ್ಟ ಹತ್ತಿ ಉಳಿದುಕೊಳ್ಳುತ್ತೇನೆ ಎನ್ನುತ್ತಾನೆ ಮಗ. ತಂದೆ ಉತ್ತರ ಕೊಡುತ್ತಿದ್ದಂತೆ ಇಬ್ಬರ ನಡುವೆ ಅಲೆ ಬರುತ್ತದೆ.

"ಬರೀ 'ಮಗನೇ' ಅಂತ ಬರ್ಕೋಬೇಡಮ್ಮ," ಎಂದರು ಮೇಷ್ಟ್ರು. "ಅಲ್ಲಿರೋದು 'ಪುಟ್ಟಾ' ಅನ್ನೋ ಥರದ ಮಾತು. ಹೇಳಿದ್ದು ಕೇಳದ ಮಗ. ಆದ್ರೂ ಪುಟ್ಟಾ."

"ದೂರ ಇರೋನ್ನ ಆ ಒಂದು ಮಾತಲ್ಲೇ ಹತ್ರ ಎಳ್ಕೊಳ್ತಾರೆ, ಅಲ್ವಾ ಮೇಷ್ಟ್ರೇ?"

"ಎಳೆದ್ರು. ಅವನು ಬರಲಿಲ್ಲವಲ್ಲ."

ನನ್ನ ಪ್ರಬಂಧದಲ್ಲಿ ಈ ಪ್ರಸಂಗದ ಅಧ್ಯಾಯ ಬರೆದು ಮುಗಿಸುವ ಮೊದಲೇ ಮೇಷ್ಟ್ರಿಗೆ ಲಕ್ವ ಹೊಡೆಯಿತು. ಬಲಗೈ ಹೋಯಿತು, ಮಾತೂ ಹೋಯಿತು. ಉಳಿದದ್ದು "ತತ" ಎಂಬ ಒಂದೇ ಸದ್ದು. ನೀರು ಬೇಕಾದರೂ ಅದೇ, ಸಿಟ್ಟು ಬಂದರೂ ಅದೇ.

"ನೀನು ಓದಮ್ಮ, ಕೇಳಿಸ್ಕೊಳ್ತಾರೆ," ಎಂದರು ಅವರ ಹೆಂಡತಿ. ಮಂಚದ ಪಕ್ಕ ಕೂತು ಓದಿದೆ. ಒಂದು ಕಡೆ ಉಚ್ಚಾರ ತಪ್ಪಿತು. ಮೇಷ್ಟ್ರು ತಟ್ಟನೆ ತಲೆಯೆತ್ತಿ, ತಿದ್ದಲು ಬಾಯಿ ತೆರೆದರು. ಅದೇ ಸದ್ದು ಬಂತು. ಮತ್ತೆ ಪ್ರಯತ್ನಿಸಿದರು, ಮತ್ತೂ ಅದೇ. ನಾನು ಆ ಪದವನ್ನು ಬೇರೆ ಬೇರೆ ಥರ ಹೇಳಿ ನೋಡಿದೆ. ಯಾವುದಕ್ಕೂ ಅವರು ಹೂಂಗುಟ್ಟಲಿಲ್ಲ. ಎಡಗೈಯಲ್ಲಿ ಮಂಚ ಗುದ್ದಿ ಅತ್ತುಬಿಟ್ಟರು. ಅವರ ಹೆಂಡತಿ ಸೆರಗಿನಿಂದ ಅವರ ಬಾಯಿ ಒರೆಸಿ, "ಸಾಕಮ್ಮ, ಇನ್ಮೇಲೆ ಇದು ಬೇಡ," ಎಂದರು.

ಆಮೇಲೂ ಹೋಗುತ್ತಿದ್ದೆ, ಪುಸ್ತಕವಿಲ್ಲದೆ. ನನ್ನ ಚಪ್ಪಲಿ ಸದ್ದು ಕೇಳಿದರೆ ಅವರು ಗೋಡೆಯ ಕಡೆ ಹೊರಳುತ್ತಿದ್ದರು. ಮಳೆಗಾಲ ಮುಗಿಯುವಷ್ಟರಲ್ಲಿ ತೀರಿಕೊಂಡರು.

ನನ್ನ ಗೈಡ್ ಇನ್ನೊಬ್ಬ ಅರಬ್ಬಿ ಮೇಷ್ಟ್ರನ್ನು ಹುಡುಕಿಕೊಟ್ಟರು. ಒಳ್ಳೆಯವರೇ. ನಾನು ತಪ್ಪಿದಾಗಲೆಲ್ಲ ತಕ್ಷಣ, ಸಲೀಸಾಗಿ ತಿದ್ದುತ್ತಿದ್ದರು. ಅದನ್ನೇ ನನ್ನಿಂದ ತಡೆದುಕೊಳ್ಳಲಾಗಲಿಲ್ಲ. ಕೆಲವು ವಾರಗಳಲ್ಲಿ ಹೋಗುವುದನ್ನು ಬಿಟ್ಟೆ, ಪ್ರಬಂಧವೂ ಅಲ್ಲಿಗೇ ನಿಂತಿತು. ವಿಜಯನಗರದ ಟ್ಯುಟೋರಿಯಲ್ ಒಂದರಲ್ಲಿ ಫೇಲಾದ ಹುಡುಗರಿಗೆ ವ್ಯಾಕರಣ ಹೇಳಿಕೊಡುವ ಕೆಲಸಕ್ಕೆ ಸೇರಿಕೊಂಡೆ.