ಜಪಾನಿನ ತೀರ್ಥ

ನನಗೆ ಸಿಟ್ಟು ಬೇಗ ಬರುತ್ತದೆ, ಬಾಯಿಯೂ ದೊಡ್ಡದು. ಗಿರಣಿ ಮಾಲೀಕರ ಜೊತೆ, ಬಸ್ ಕಂಡಕ್ಟರರ ಜೊತೆ ಜಗಳಕ್ಕೆ ನಿಂತರೆ ದಾರಿಯಲ್ಲಿ ಹೋಗುವವರೂ ನಿಂತು ನೋಡುತ್ತಾರೆ. ಇಂಥ ಬಾಯಿ ಬೇಕಾದ ಹೊತ್ತಿನಲ್ಲಿ ಒಮ್ಮೆ ಮುಚ್ಚಿಕೊಂಡಿತು. ಆ ದಿನದ್ದನ್ನು ಬರೆಯುತ್ತಿದ್ದೇನೆ. ನನ್ನ ಮೇಲೆ ಕರುಣೆ ಬರಲಿ ಎಂದಲ್ಲ, ಬರುವುದೂ ಇಲ್ಲ.

ಬೈಲಹೊಂಗಲದ ಮನೆಯಲ್ಲಿ ನಾವಿಬ್ಬರೇ ಇದ್ದೆವು, ನಾನು ಮತ್ತು ನನ್ನ ಅಕ್ಕ. ಅಪ್ಪ ಅವ್ವ ತೀರಿಕೊಂಡ ಮೇಲೆ ನನ್ನನ್ನು ಬೆಳೆಸಿದವಳು ಅವಳೇ. ಕಟಕೋಳಕ್ಕೆ ಮದುವೆಯಾಗಿ ಹೋಗಿ, ಹತ್ತು ವರ್ಷ ಬಾಳಿ, ತೊಂಬತ್ತರ ದಶಕದ ಕೊನೆಗೆ ಒಂದು ಟ್ರಂಕು ಹಿಡಿದು ತಿರುಗಿ ಬಂದಿದ್ದಳು. ಗಂಡ ಪಾಕೀಟು ಸರಾಯಿ ಕುಡಿಯುತ್ತಿದ್ದ. ಹೊಡೆಯುತ್ತಿರಲಿಲ್ಲ, ಬಯ್ಯುತ್ತಿರಲಿಲ್ಲ. ಹೊಲದ ಬದುವಿನಲ್ಲಿ, ಬಸ್ ನಿಲ್ಲುವ ಕಡೆ, ಎಲ್ಲೆಂದರಲ್ಲಿ ಬಿದ್ದಿರುತ್ತಿದ್ದ. ಎತ್ತಿ ತರುವುದು ಅಕ್ಕನ ಕೆಲಸವಾಗಿತ್ತು.

ಅಕ್ಕನ ಗಂಡನಿಗೆ ನಮ್ಮ ಕಡೆ ಮಾವ ಎನ್ನುತ್ತೇವೆ. ಆ ಮಾವನಿಗೆ ಒಂದು ನೇಮ ಇತ್ತು. ಕುಡಿದ ಬಾಯಿಗೆ ತೀರ್ಥ ಮುಟ್ಟಿಸುತ್ತಿರಲಿಲ್ಲ. ಅಕ್ಕ ದಿನಾ ಬೆಳಿಗ್ಗೆ ಎಡಗೈಯಲ್ಲಿ ಲಿಂಗ ಹಿಡಿದು ಪೂಜೆ ಮಾಡಿ, ಲಿಂಗದ ಮೇಲೆ ಎರೆದ ನೀರನ್ನು ತಾನು ತೆಗೆದುಕೊಂಡು ಅವನಿಗೂ ಕೊಡಲು ಹೋಗುತ್ತಿದ್ದಳು. ಅವನು ಕೈ ಒಡ್ಡಿದರೆ ಆ ದಿನ ಕುಡಿದಿಲ್ಲ. ‘ಇವತ್ತ ಬ್ಯಾಡ’ ಎಂದರೆ ಕುಡಿದಿದ್ದಾನೆ. ಅಷ್ಟೇ, ಬೇರೆ ವಿಚಾರಣೆ ಇರುತ್ತಿರಲಿಲ್ಲ.

ಮನೆ ಬಿಟ್ಟು ಬರುವಾಗ ಅವಳು ಅವನಿಗೆ ಒಂದು ಮಾತು ಹೇಳಿ ಬಂದಿದ್ದಳು. “ಮೂರು ವರ್ಷ ಒಂದ ಹನಿ ಮುಟ್ಟದ ಇರ್ರಿ. ಮೂರನೇ ದೀಪಾವಳಿಗೆ ಬಂದು ಕರೀರಿ, ನಿಮ್ಮ ಕೂಡ ಬರತೇನಿ.” ಯಾರೂ ನಂಬಲಿಲ್ಲ. ನಾನಂತೂ ನಕ್ಕೆ, ನಾಯಿ ಬಾಲದ ಡೊಂಕು ಎಂದೆ. ಅವನು ಬಿಟ್ಟೇಬಿಟ್ಟ. ಅಮಾವಾಸ್ಯೆಗೊಮ್ಮೆ ಕಟಕೋಳದಿಂದ ಹೊರಟು, ಯರಗಟ್ಟಿಯಲ್ಲಿ ಬಸ್ ಬದಲಿಸಿ ನಮ್ಮ ಮನೆಗೆ ಬರುತ್ತಿದ್ದ. ಕಟ್ಟೆಯ ಮೇಲೆ ಕೂರುತ್ತಿದ್ದ. ಅಕ್ಕ ಒಳಗಿಂದ ತೀರ್ಥ ತಂದು ಎದುರಿಗೆ ನಿಲ್ಲುತ್ತಿದ್ದಳು, ಅವನು ಬಲಗೈ ಒಡ್ಡಿ ಕುಡಿದು ಕಣ್ಣಿಗೊತ್ತಿಕೊಳ್ಳುತ್ತಿದ್ದ. ಊಟ ಮಾಡಿ ಹೋಗುತ್ತಿದ್ದ. ಅವನು ಹೋದ ಮೇಲೆ ಅಕ್ಕ ಆ ದಿನವೆಲ್ಲ ನನ್ನನ್ನು ಕಾಡಿಸುತ್ತಿದ್ದಳು, “ನಾ ಹೋದ ಮ್ಯಾಲ ನಿನಗ ರೊಟ್ಟಿ ಬಡ್ಯಾವರು ಯಾರೋ? ಲಗೂನ ಮದವಿ ಮಾಡ್ಕೊ” ಎಂದು.

ಆ ಮೂರನೆಯ ವರ್ಷ ನಾನು ಜಪಾನಿಗೆ ಹೋದೆ. ಅಕ್ಕಿ ಗಿರಣಿಯ ಯಂತ್ರ ಕೂರಿಸುವುದು, ಕೆಟ್ಟರೆ ರಿಪೇರಿ ಮಾಡುವುದು ನನ್ನ ಕಸುಬು. ಕಿತ್ತೂರಿನ ಕಡೆ ಭತ್ತ ಬೆಳೆಯುತ್ತಾರಲ್ಲ, ಅಲ್ಲಿಯ ಗಿರಣಿಗಳಿಗೆ ಜಪಾನಿನ ಹೊಸ ಯಂತ್ರ ಬರುವುದಿತ್ತು. ಕಲಿತು ಬಾ ಎಂದು ಕಂಪನಿಯವರು ಹಿರೋಶಿಮಾ ಹತ್ತಿರದ ಒಂದು ಊರಿಗೆ ಮೂರು ವಾರ ಕಳಿಸಿದರು. ಆ ಊರಿನ ತುಂಬ ಸುಣ್ಣ ಬಳಿದ ಗೋಡೆ, ಇಟ್ಟಿಗೆಯ ಎತ್ತರದ ಚಿಮಣಿ. ಬೆಲ್ಲದ ಗಾಣ ಇರಬೇಕು ಎಂದುಕೊಂಡಿದ್ದೆ. ಎಲ್ಲವೂ ಸಾಕೆ ತಯಾರಿಸುವ ಮನೆಗಳು. ಸಾಕೆ ಎಂದರೆ ಅಕ್ಕಿಯಿಂದ ಮಾಡುವ ಅವರ ಮದ್ಯ, ನಮ್ಮ ಕಡೆಯ ಮಾತಿನಲ್ಲಿ ಸೆರೆ.

ನಮ್ಮ ಗಿರಣಿಗಳಲ್ಲಿ ತೌಡು ಹೋಗುವಷ್ಟು ಉಜ್ಜಿದರೆ ಕೆಲಸ ಮುಗಿಯಿತು. ಅಲ್ಲಿ ಅಕ್ಕಿಯನ್ನು ಎರಡು ದಿನ ಬಿಡದೆ ಉಜ್ಜಿ ಅರ್ಧಕ್ಕೆ ಇಳಿಸುತ್ತಿದ್ದರು. ಕೊನೆಗೆ ಉಳಿಯುವುದು ಸಾಬೂದಾಣಿಯಂಥ ಬಿಳಿ ಕಾಳು. ಅನ್ನ ಹಾಳು ಮಾಡುವ ಮಂದಿ ಎಂದು ಮೊದಲು ನನಗೆ ಸಿಟ್ಟೇ ಬಂತು. ಆಮೇಲೆ ಒಬ್ಬ ಮುದುಕ ನನ್ನನ್ನು ಒಳಗೆ ಕರೆದೊಯ್ದ. ಆ ಮನೆಯ ಸಾಕೆಯ ಜವಾಬ್ದಾರಿಯೆಲ್ಲ ಅವನದು. ದೇವದಾರು ಹಲಗೆ ಹೊಡೆದ ಬೆಚ್ಚನೆಯ ಕೋಣೆಯಲ್ಲಿ ಹಬೆಯಲ್ಲಿ ಬೆಂದ ಅಕ್ಕಿಯನ್ನು ಬಟ್ಟೆಯ ಮೇಲೆ ಹರವಿ, ಅದಕ್ಕೆ ಬೇಕೆಂದೇ ಬೂಷ್ಟು ಹಿಡಿಸುತ್ತಿದ್ದರು. ಆ ಬೂಷ್ಟೇ ಅಕ್ಕಿಯಲ್ಲಿ ಸಿಹಿ ಹುಟ್ಟಿಸುವುದಂತೆ. ಮುದುಕ ಎರಡು ತಾಸಿಗೊಮ್ಮೆ ಎದ್ದು ಬಂದು ಅಂಗೈಯಿಂದ ಅಕ್ಕಿಯ ಬಿಸಿ ನೋಡುತ್ತಿದ್ದ. ನನ್ನ ಕೈಯನ್ನೂ ಹಿಡಿದು ಅದರೊಳಗಿಟ್ಟ. ನನಗೆ ಅಲ್ಲಿಂದ ಏಳಲು ಮನಸ್ಸಾಗಲಿಲ್ಲ.

ಒಂದು ಭಾನುವಾರ ಊರಿನ ಸಭಾಂಗಣದಲ್ಲಿ ಸಾಕೆಯ ರುಚಿ ನೋಡುವ ಸಭೆ ಇತ್ತು. ನನಗೂ ಕರೆ ಬಂತು. ಹೋಗುವ ಮುಂಚೆ ಕೊರಳಿನ ಲಿಂಗ ತೆಗೆದು, ಟವೆಲ್ಲಿನಲ್ಲಿ ಸುತ್ತಿ, ಸೂಟ್‌ಕೇಸಿನ ಅಡಿಗೆ ಇಟ್ಟೆ. ಹುಟ್ಟಿದಾಗ ಕಟ್ಟಿದ ಲಿಂಗ. ಕೈ ನಡುಗಿತು ಎಂದು ಬರೆದರೆ ಚೆನ್ನಾಗಿರುತ್ತಿತ್ತು, ನಡುಗಲಿಲ್ಲ. ಬೇಗ ಹೋಗಬೇಕೆಂಬ ಅವಸರ ಇತ್ತು.

ಸೀಮೆಗೊಂದು ಮೇಜು, ಮೇಜಿನ ತುಂಬ ಬಾಟಲಿ. ತಳದಲ್ಲಿ ಎರಡು ನೀಲಿ ಬಳೆ ಬರೆದ ಬಿಳಿ ಬಟ್ಟಲು ಕೊಟ್ಟರು. ನೀಲಿ ಗೆರೆ ಎಷ್ಟು ಸ್ಪಷ್ಟ ಕಾಣುತ್ತದೋ ಸಾಕೆ ಅಷ್ಟು ತಿಳಿ. ಮೊದಲು ಮೂಸಬೇಕು, ಆಮೇಲೆ ಒಂದು ಗುಟುಕು ನಾಲಗೆಯ ಮೇಲೆ ಹೊರಳಿಸಿ ಪಕ್ಕದ ಡಬ್ಬಿಗೆ ಉಗುಳಬೇಕು. ನಾನು ಉಗುಳಲಿಲ್ಲ. ಹಿಮ ಬೀಳುವ ಸೀಮೆಯದು ಬಾಯಿಗೆ ಬಂದಷ್ಟೇ ಚುರುಕಾಗಿ ಹೋಯಿತು. ಕಡಲ ಪಕ್ಕದ ಒಂದು ಸೀಮೆಯಲ್ಲಿ ಬಾವಿಯ ನೀರು ಗಡಸಂತೆ, ಸಾಕೆಯೂ ಗಡಸು. ಈ ಊರಿನ ನೀರು ಮೆತ್ತಗೆ, ಹಾಗಾಗಿ ಇಲ್ಲಿಯದು ಮೆತ್ತಗೆ, ಮಾಗಿದ ಬಾಳೆಹಣ್ಣಿನ ವಾಸನೆ. ಸವದತ್ತಿಯ ಹಳ್ಳಿಗಳ ಸವಳು ನೀರಿನಲ್ಲಿ ಬೇಳೆ ಬೇಯುವುದಿಲ್ಲ ಎಂದು ಬಯ್ದುಕೊಳ್ಳುವ ಹೆಂಗಸರನ್ನು ಕೇಳಿ ಬೆಳೆದವನು ನಾನು. ನೀರು ಬದಲಾದರೆ ಕೈಯಡುಗೆ ಬದಲಾಗುತ್ತದೆ ಎಂಬುದು ನನಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಆ ದಿನ ಬಹಳ ಸಂತೋಷಪಟ್ಟೆ. ಅದನ್ನು ಮುಚ್ಚಿಟ್ಟರೆ ಇನ್ನೊಂದು ಸುಳ್ಳಾಗುತ್ತದೆ.

ಹೊರಡುವ ದಿನ ಮುದುಕ ತನ್ನ ಮನೆಯ ಒಂದು ಬಾಟಲಿ ಕೊಟ್ಟ. ಕಾಗದದಲ್ಲಿ ಸುತ್ತಿ, ಕೊರಳಿಗೆ ಕೆಂಪು ದಾರ ಕಟ್ಟಿದ್ದ. ಬೈಲಹೊಂಗಲಕ್ಕೆ ಬಂದ ಮರುದಿನವೇ ಒಗೆಯಲು ಬಟ್ಟೆ ತೆಗೆಯಹೋದ ಅಕ್ಕನ ಕೈಗೆ ಅದು ಸಿಕ್ಕಿತು.

“ಏನಪಾ ಇದು, ದಾರಾ ಪಾರಾ ಕಟ್ಯಾರಲ್ಲ?”

“ಅಲ್ಲೀ ಗುಡಿ ತೀರ್ಥ” ಎಂದೆ.

ಪೂರ್ತಿ ಸುಳ್ಳಲ್ಲ ಎಂದು ಆಗ ನನಗೆ ನಾನೇ ಹೇಳಿಕೊಂಡೆ. ಆ ಊರಿನ ಗುಡಿಯ ಮುಂದೆ ಸಾಕೆಯ ಪೀಪಾಯಿಗಳನ್ನು ಒಟ್ಟಿದ್ದನ್ನು ನೋಡಿದ್ದೆ, ಪೂಜಾರಿ ಚಿಕ್ಕ ತಟ್ಟೆಯಲ್ಲಿ ಎಲ್ಲರಿಗೂ ಕೊಟ್ಟಿದ್ದ. ಅಕ್ಕ ಬಾಟಲಿಯನ್ನು ಎರಡೂ ಕೈಯಲ್ಲಿ ಹಿಡಿದು ಹಣೆಗೆ ಮುಟ್ಟಿಸಿಕೊಂಡಳು. “ದೀಪಾವಳಿಗೆ ಅವರು ಬರ್ತಾರಲ್ಲ, ಅವತ್ತ ಒಡೆಯೂಣು. ಇಬ್ಬರೂ ಕೂಡೇ ತಗೋತೇವಿ, ಆಮ್ಯಾಲ ಹೊಂಡತೇವಿ” ಎಂದು ದೇವರ ಜಗಲಿಯ ಮೇಲಿಟ್ಟಳು.

ದೀಪಾವಳಿಗೆ ಇನ್ನೂ ಎಂಟು ದಿನ ಇತ್ತು. ಆ ಎಂಟು ದಿನದಲ್ಲಿ ಯಾವತ್ತಾದರೂ ಅವಳು ನೀರಿಗೆ ಹೋದಾಗ ಸಾಕೆಯನ್ನು ಮೋರಿಗೆ ಸುರಿದು, ಬಾವಿಯ ನೀರು ತುಂಬಿ ಇಟ್ಟಿದ್ದರೆ ಆಗಿಹೋಗುತ್ತಿತ್ತು. ನನಗೆ ಹೊಳೆಯದೆ ಇರಲಿಲ್ಲ. ಎರಡು ಸಲ ಬಾಟಲಿ ಕೈಗೆತ್ತಿಕೊಂಡೆ. ಎರಡು ಸಲವೂ ತಿರುಗಿ ಇಟ್ಟೆ. ಚೆಲ್ಲಲು ಮನಸ್ಸು ಬರಲಿಲ್ಲ. ಅವರು ಕಟಕೋಳಕ್ಕೆ ಹೋದ ಮೇಲೆ ಉಳಿದದ್ದು ನನಗೇ ಎಂಬ ಲೆಕ್ಕ ನನ್ನದು. ಇಷ್ಟು ಹೊಲಸು ಆಸೆಯ ಮನುಷ್ಯ ನಾನು.

ದೀಪಾವಳಿಯ ದಿನ ಮಾವ ಹೊಸ ಧೋತರ ಉಟ್ಟು ಬಂದ. ಅಕ್ಕನ ಟ್ರಂಕು ಬಾಗಿಲ ಬಳಿ ಸಿದ್ಧವಾಗಿತ್ತು. ಅವಳು ಪೂಜೆಗೆ ಕೂತು, ಬಾಟಲಿಯ ಮುಚ್ಚಳ ತೆಗೆದು ಲಿಂಗದ ಮೇಲೆ ಒಂದು ಚಮಚ ಎರೆದಳು, ತಾನು ಕುಡಿದಳು. “ಬಾಳಿಹಣ್ಣಿನ ವಾಸನಿ ಐತಿ. ಗಂಟಲಾಗ ಒಂದೀಟ ಬೆಚ್ಚಗ ಆಗತೈತಿ, ಶುಂಠಿ ಹಾಕಿರಬೇಕು” ಎಂದಳು. ಆಮೇಲೆ ಎದ್ದು ಬಂದು ಮಾವನ ಅಂಗೈಗೆ ಎರೆದಳು.

ಅವನು ಕೈಯನ್ನು ಬಾಯಿಯ ಹತ್ತಿರ ತಂದವನು ನಿಂತ. ಮೂಗು ಅರಳಿತು. ಸರಾಯಿಯ ಘಾಟನ್ನಷ್ಟೇ ಬಲ್ಲ ಅಕ್ಕನಿಗೆ ತಿಳಿಯದ್ದು ಅವನಿಗೆ ತಿಳಿಯಿತು. ಅವನು ನನ್ನನ್ನು ನೋಡಿದ. ನಾನು ಟ್ರಂಕಿನ ಬೀಗ ನೋಡುತ್ತ ನಿಂತೆ. ಅವನ ಬೆರಳು ಸಡಿಲಾಗಿ ತೀರ್ಥ ನೆಲಕ್ಕೆ ಬಿತ್ತು.

“ನನಗ ಬ್ಯಾಡ” ಎಂದ.

“ಯಾಕ್ರಿ?”

“ಇವತ್ತ ಬ್ಯಾಡ.”

ಅಕ್ಕನ ಮುಖ ಬಿಳಿಚಿತು. “ಯಾವಾಗ ಕುಡದ್ರಿ?” ಎಂದು ಕೇಳಿದಳು. ಅವನು ಒದ್ದೆ ಅಂಗೈಯನ್ನು ಧೋತರಕ್ಕೆ ಒರೆಸಿಕೊಂಡ. “ಮೂರು ವರ್ಷ ತಡದು ಇವತ್ತ ಕುಡದು ಬಂದ್ರೇನ್ರಿ? ಒಂದ ದಿನಾ ತಡ್ಯಾಕ ಆಗಲಿಲ್ಲೇನು?” ಅವನು ಚಪ್ಪಲಿಯಲ್ಲಿ ಕಾಲಿಟ್ಟ. ಮಾವ ಕುಡದಿಲ್ಲ, ಅದು ಸೆರೆ, ತಂದವನು ನಾನು. ಇಷ್ಟು ಹೇಳಲು ಒಂದು ಉಸಿರು ಸಾಕಿತ್ತು. ನಾನು ಹೇಳಲಿಲ್ಲ. ಅಕ್ಕ ಟ್ರಂಕನ್ನು ತಾನೇ ಎತ್ತಿಕೊಂಡು ಒಳಗೆ ಹೋದಳು.

ಮಾವನ ಹಿಂದೆ ಬಸ್‌ಸ್ಟ್ಯಾಂಡಿಗೆ ಓಡಿದೆ. ಅವನು ಯರಗಟ್ಟಿಯ ಬಸ್ಸಿಗೆ ಕಾಯುತ್ತಿದ್ದ.

“ಏನದು?” ಎಂದ.

“ಅಕ್ಕಿ ಸೆರೆ.”

“ಛಲೋ ವಾಸನಿ ಐತಿ ಬಿಡು. ನನ್ನ ಮೂರ ವರ್ಷ ಮೂಗಿನ ಮುಂದ ಬಂದು ನಿಂತಿತ್ತು” ಎಂದು ನಕ್ಕ. ಆಮೇಲೆ ದನಿ ತಗ್ಗಿಸಿ ಹೇಳಿದ. “ಆಕಿಗೆ ಹೇಳಬ್ಯಾಡ. ಲಿಂಗದ ಮ್ಯಾಲ ಎರದಾಳ, ಕುಡದಾಳ. ಗೊತ್ತಾತಂದ್ರ ಜೀವಾ ಇಟಗೊಳ್ಳಾಂಗಿಲ್ಲ. ನಾ ಮದಲ ಕುಡಕ, ನನ್ನ ಹೆಸರಿಗೆ ಇನ್ನೇನ ಆಗೂದೈತಿ. ಇನ್ನೊಂದ ವರ್ಷ ತಡೀತೇನಿ, ಮುಂದಿನ ದೀಪಾವಳಿಗೆ ಮತ್ತ ಬರತೇನಿ.”

ಆ ಮಾತನ್ನು ನಾನು ಗಟ್ಟಿಯಾಗಿ ಹಿಡಿದುಕೊಂಡೆ. ಮಾವನೇ ಬೇಡವೆಂದಿದ್ದಾನೆ, ಅಕ್ಕನ ಒಳ್ಳೆಯದಕ್ಕೇ ಎಂದು ವರ್ಷವಿಡೀ ಹೇಳಿಕೊಂಡೆ. ಮನೆಗೆ ಬಂದು ಬಾಟಲಿಯನ್ನು ಮೋರಿಗೆ ಸುರಿದೆ. ಎಂಟು ದಿನ ಆಗದ ಕೆಲಸ ಆಗ ಒಂದು ಗಳಿಗೆಯಲ್ಲಿ ಆಯಿತು. ಅಕ್ಕ ರೊಟ್ಟಿ ಬಡಿದಳು, ನಾನು ತಿಂದೆ. ಅಮಾವಾಸ್ಯೆಗಳು ಬಂದು ಹೋದವು, ಮಾವ ಬರಲಿಲ್ಲ, ಅವಳು ಕೇಳಲೂ ಇಲ್ಲ. ನನ್ನ ಮದುವೆಯ ಮಾತೂ ಎತ್ತಲಿಲ್ಲ. ಓಣಿಯವರು ಅವನ ಸುದ್ದಿ ತೆಗೆದು “ಕುಡುಕರ ಬುದ್ಧಿ ಎಲ್ಲಿ ಹೋದೀತು” ಎಂದರೆ ನಾನೂ ತಲೆಯಾಡಿಸುತ್ತಿದ್ದೆ. ಇದನ್ನು ಬರೆಯುವಾಗ ಇವತ್ತೂ ಮೈ ಉರಿಯುತ್ತದೆ.

ಮುಂದಿನ ದೀಪಾವಳಿಗೂ ಮಾವ ಬರಲಿಲ್ಲ. ಅಕ್ಕ ಬೆಳಿಗ್ಗೆಯಿಂದ ಒಂದಲ್ಲ ಒಂದು ನೆವ ಮಾಡಿ ಬಾಗಿಲಿಗೆ ಬಂದು ಓಣಿಯ ತುದಿ ನೋಡಿ ಹೋಗುತ್ತಿದ್ದಳು. ಮಧ್ಯಾಹ್ನ ಎರಡು ಗಂಟೆಗೆ, ತೆಗೆದಿಟ್ಟ ಮೂರನೆಯ ತಾಟನ್ನು ಗೋಡೆಯ ಮಾಡದಲ್ಲಿ ತಿರುಗಿ ಇಟ್ಟಳು. ಅವಳು ಇಷ್ಟು ದಿನ ಕಾಯುತ್ತಿದ್ದಳು ಎಂದು ನನಗೆ ಆಗ ತಿಳಿಯಿತು. ಇದ್ದದ್ದನ್ನೆಲ್ಲ ಹೇಳಿಬಿಟ್ಟೆ. ಲಿಂಗ ತೆಗೆದಿಟ್ಟದ್ದನ್ನೂ ಹೇಳಿದೆ.

ಅಕ್ಕ ಅಳಲಿಲ್ಲ, ಬಯ್ಯಲಿಲ್ಲ. “ಅವರಿಗೆ ಗೊತ್ತಿತ್ತೇನು?” ಎಂದು ಮಾತ್ರ ಕೇಳಿದಳು.

“ಗೊತ್ತಿತ್ತು. ನಿನಗ ಹೇಳಬ್ಯಾಡ ಅಂದ.”

ಎದ್ದು ಬಚ್ಚಲಿಗೆ ಹೋಗಿ ಲಿಂಗ ತೊಳೆದಳು. ಬಹಳ ಹೊತ್ತು ತೊಳೆದಳು. ಮರುದಿನ ಮೊದಲ ಬಸ್ಸಿಗೆ ಹೊರಟಳು. ಟ್ರಂಕು ಹೊತ್ತು ನಾನೂ ಹೋದೆ. ಕಟಕೋಳದವರೆಗೆ ಅವಳು ಮುಂದಿನ ಸೀಟಿನಲ್ಲಿ ಕೂತಳು, ನಾನು ಹಿಂದಿನ ಸೀಟಿನಲ್ಲಿ.

ಮಾವ ಮನೆಯ ಮುಂದಿನ ಕಟ್ಟೆಯ ಮೇಲೆ ಗೋಡೆಗೆ ಒರಗಿ ಕೂತಿದ್ದ. ಬೆಳಗಿನ ಹತ್ತು ಗಂಟೆ. ಹತ್ತಿರ ಹೋಗುವ ಮುಂಚೆಯೇ ವಾಸನೆ ಬಂತು. ಪಕ್ಕದಲ್ಲಿ ಎರಡು ಪಾಕೀಟು ಹರಿದು ಬಿದ್ದಿದ್ದವು. ನಮ್ಮನ್ನು ನೋಡಿ ಏಳಲು ಹೋದ, ಆಗಲಿಲ್ಲ.

“ನಾಗರ ಪಂಚಮಿ ತನಕಾ ತಡದಿದ್ದೆ” ಎಂದ, ಅಕ್ಕನಿಗೆ. “ಎಲ್ಲಾರೂ ಕುಡದಾನಂತ ಅಂದ್ರು. ಮತ್ತ ಯಾರ ಸಲುವಾಗಿ ತಡೀಲಿ ಅನಿಸ್ತು.”

ಅಕ್ಕ ಅವನ ಎರಡೂ ಕಂಕುಳಿಗೆ ಕೈ ಹಾಕಿ ಎತ್ತಿದಳು. ನಾನು ಟ್ರಂಕು ಇಳಿಸಿ ಕೈ ಕೊಡಲು ಮುಂದೆ ಬಂದೆ. ಅವಳು ಮೊಣಕೈಯಿಂದ ನನ್ನನ್ನು ಸರಿಸಿದಳು.

“ನೀ ಬಸ್ಸಿಗೆ ಹೋಗು” ಎಂದಳು. “ಇವರನ್ನ ನಾ ನೋಡ್ಕೋತೇನಿ. ನಿನ್ನ ಏನ ಮಾಡಬೇಕಂತ ನನಗ ತಿಳೀವಲ್ದು.”