ಸುಳ್ಳದ ರಸ್ತೆಯಲ್ಲಿ ಜಾರಿ ಬಿದ್ದದ್ದು

ಧಾರವಾಡದಲ್ಲಿ ನನ್ನನ್ನು ಸೊಕ್ಕಿನ ಮನುಷ್ಯ ಎಂದು ತಿಳಿದವರು ಕೆಲವರಿದ್ದಾರೆ. ಅವರ ತಪ್ಪಲ್ಲ. ಮೋಟಾರ್ ಸೈಕಲ್ ಏರಿದೆನೆಂದರೆ ನಾನು ಎದುರಿಗೆ ಬರುವವರ ಮುಖ ನೋಡುವುದಿಲ್ಲ, ರಸ್ತೆಯ ಮುಖ ನೋಡುತ್ತೇನೆ. ಗುರುತಿನವರು ಕೈ ಎತ್ತುತ್ತಾರೆ, ನಗುತ್ತಾರೆ, ಕೊನೆಗೆ ಬೇಸತ್ತು ಕೈ ಇಳಿಸುತ್ತಾರೆ. ಆ ಹೊತ್ತಿಗೆ ನಾನು ತಿರುವಿನಲ್ಲಿ ಬಿದ್ದಿರುವ ಒಂದು ಹಿಡಿ ಉಸುಕನ್ನು ಹೇಗೆ ದಾಟಲಿ ಎಂಬ ಚಿಂತೆಯಲ್ಲಿರುತ್ತೇನೆ.

ನಾನು ಕಾಲೇಜಿನಲ್ಲಿ ಭೌತವಿಜ್ಞಾನ ಕಲಿಸುವವನು. ಮನೆ ಬೈರಿದೇವರಕೊಪ್ಪದಲ್ಲಿ, ಕಾಲೇಜು ಧಾರವಾಡದಲ್ಲಿ. ಘರ್ಷಣೆಯ ಪಾಠವನ್ನು ಪ್ರತಿ ವರ್ಷ ಮಕ್ಕಳಿಗೆ ಹೇಳುತ್ತೇನೆ, ಆದರೆ ಘರ್ಷಣೆ ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ನನಗೆ ಹೇಳಿಕೊಟ್ಟದ್ದು ರಸ್ತೆಗಳೇ. ಬೇಸಿಗೆ ಮುಗಿದು ಮೊದಲ ಮಳೆ ಹನಿದಾಗ, ಡಾಂಬರಿನಲ್ಲಿ ಇಂಗಿದ್ದ ಎಣ್ಣೆಯೆಲ್ಲ ಮೇಲೆದ್ದು ಅಲ್ಲಲ್ಲಿ ಕಾಮನಬಿಲ್ಲು ಮೂಡುತ್ತದೆ. ನೋಡಲು ಚೆಂದ, ಬ್ರೇಕ್ ಹಿಡಿದರೆ ಕೆಟ್ಟಿತು. ನಾಲ್ಕು ಜೋರು ಮಳೆ ಬಿದ್ದು ತೊಳೆದುಹೋದರೆ ಅದೇ ರಸ್ತೆ ಮತ್ತೆ ಸಭ್ಯವಾಗುತ್ತದೆ. ಸುಗ್ಗಿಯ ಕಾಲದಲ್ಲಿ ಹಳ್ಳಿಯ ರಸ್ತೆಗಳ ಮೇಲೆ ಪೈರು ಹರವಿರುತ್ತಾರೆ, ಬರುವ ಹೋಗುವ ಗಾಡಿಗಳ ಗಾಲಿಗೆ ಸಿಕ್ಕು ಕಾಳು ಉದುರಲಿ ಎಂದು. ಅದರ ಮೇಲೆ ಹೊರಟ ಮೋಟಾರ್ ಸೈಕಲ್ಲಿನವನು ಒಕ್ಕಣೆಗೆ ನೆರವಾಗುತ್ತಲೇ ಗಟಾರ ಸೇರಬಹುದು. ಸಗಣಿಯ ಬಗ್ಗೆ ನಾನೇನೂ ಹೇಳುವುದಿಲ್ಲ. ಅದು ಎಲ್ಲರ ಸ್ವಂತ ಅನುಭವದ ವಿಷಯ.

ಮಾತಿನಲ್ಲೂ ನಾವು ಜಾರುತ್ತಲೇ ಇರುತ್ತೇವೆ. ನಾಲಗೆ ಜಾರುತ್ತದೆ, ಸೆರಗು ಜಾರುತ್ತದೆ, ಕೆಲಸ ಹೇಳಿದರೆ ಗಂಡಸರು ಜಾರಿಕೊಳ್ಳುತ್ತಾರೆ. ಹೆಲ್ಮೆಟ್ ಕಾಯಿದೆ ಜಾರಿಯಲ್ಲಿದೆ ಎಂದು ಪತ್ರಿಕೆಯಲ್ಲಿ ಓದಿದಾಗ, ಈ ಜಾರಿ ಉರ್ದುವಿನ ಕಡೆಯಿಂದ ಬಂದ ಬೇರೆಯೇ ಮಾತು ಎಂದು ಗೊತ್ತಿದ್ದರೂ, ಪಾಪ, ಕಾಯಿದೆಯೇ ಎಲ್ಲೋ ಜಾರಿ ಬಿದ್ದಿರಬೇಕು ಅನ್ನಿಸುತ್ತದೆ. ಹುಬ್ಬಳ್ಳಿಯ ಯಾವುದಾದರೂ ಸರ್ಕಲ್ಲಿನಲ್ಲಿ ನಿಂತು ತಲೆಗಳನ್ನು ನೋಡಿದರೆ ಈ ಅನುಮಾನ ಗಟ್ಟಿಯಾಗುತ್ತದೆ.

ಇಷ್ಟೆಲ್ಲ ಯೋಚಿಸುವವನು ಗಾಡಿಯನ್ನು ನಿಧಾನ ಹೊಡೆಯದೆ ಇನ್ನೇನು ಮಾಡಿಯಾನು? ನನ್ನ ಹೆಂಡತಿ ಗಿರಿಜಾಗೆ ಇದು ಮೊದಲಿನಿಂದಲೂ ತಲೆನೋವು. ಸೈಕಲ್ಲಿನವರು ನಮ್ಮನ್ನು ಹಿಂದೆ ಹಾಕಿದಾಗ ಆಕೆ ಸೆರಗಿನಿಂದ ಮುಖ ಮುಚ್ಚಿಕೊಳ್ಳುತ್ತಾಳೆ. ಆದರೆ ನನ್ನ ಗಾಡಿಯ ಬಗ್ಗೆ ಮಾತಾಡುವ ಹಕ್ಕು ತನ್ನೊಬ್ಬಳದು ಎಂಬುದು ಆಕೆಯ ಗಟ್ಟಿ ನಂಬಿಕೆ. ಇದು ತಿಳಿಯದೆ ಆಕೆಯ ಅಕ್ಕ ನೀಲಕ್ಕ ಎರಡು ವರ್ಷದ ಹಿಂದೆ, ಒಂದು ಮದುವೆಯ ಊಟದ ಪಂಕ್ತಿಯಲ್ಲಿ, ಎಲ್ಲರಿಗೂ ಕೇಳುವ ಹಾಗೆ ಹೇಳಿಬಿಟ್ಟಳು: “ನಮ್ಮ ಮಾಸ್ತರ ಗಾಡಿ ಹೊಡಿಯೂದಂದ್ರ ಎಮ್ಮಿ ಮೇಸಿದಂಗ ನೋಡ್ರಿ.”

ಪಂಕ್ತಿಯೆಲ್ಲ ನಕ್ಕಿತು. ನಾನೂ ನಕ್ಕೆ, ಹೋಲಿಕೆ ಚೆನ್ನಾಗಿತ್ತು. ಗಿರಿಜಾ ಮಾತ್ರ ಅರ್ಧ ಹೋಳಿಗೆಯನ್ನು ಎಲೆಯಲ್ಲೇ ಬಿಟ್ಟು ಎದ್ದಳು. ಅಂದಿನಿಂದ ಅಕ್ಕತಂಗಿಯರ ನಡುವೆ ಮಾತು ನಿಂತಿತು. ಫೋನಿಲ್ಲ, ಹಬ್ಬಕ್ಕೆ ಹೋಗಿಬರುವುದಿಲ್ಲ. ಎಮ್ಮೆ ಮೇಯಿಸಿದವನೇ ಸುಮ್ಮನಿದ್ದೇನೆ, ನೀನೂ ಬಿಡು ಎಂದರೆ, ನಿಮಗೆ ಮರ್ಯಾದೆಯ ಚಿಂತೆ ಇಲ್ಲದಿದ್ದರೆ ನನಗಿದೆ ಎಂದು ನನ್ನ ಬಾಯಿ ಮುಚ್ಚಿಸಿದಳು.

ಅವರದು ತಾಯಿ ಬೇಗ ತೀರಿಕೊಂಡ ಮನೆ. ಗಿರಿಜಾಳ ತಲೆ ಬಾಚಿ, ಜಡೆ ಹೆಣೆದು, ಶಾಲೆಗೆ ಕಳಿಸಿದವಳು ನೀಲಕ್ಕ. ಶೇಂಗಾ ಹೋಳಿಗೆ ಮಾಡಿದ ದಿನವೆಲ್ಲ ಗಿರಿಜಾ ರೂಢಿಯಂತೆ ಅಕ್ಕನಿಗೆಂದು ಒಂದು ಡಬ್ಬಿ ತುಂಬುತ್ತಿದ್ದಳು, ಮುಚ್ಚಳ ಹಾಕಿ ಒಂದು ಗಳಿಗೆ ನಿಲ್ಲುತ್ತಿದ್ದಳು, ಆಮೇಲೆ ಅದನ್ನು ನನ್ನ ಮುಂದೆ ತಂದು ಇಡುತ್ತಿದ್ದಳು. ಈ ಮುನಿಸಿನಲ್ಲಿ ನಾನು ಸಾಕಷ್ಟು ದಪ್ಪಗಾದೆ.

ಈ ಸಲ ಮುಂಗಾರು ಶುರುವಾಗುತ್ತಿದ್ದಂತೆ ಹುಬ್ಬಳ್ಳಿ ಹತ್ತಿರದ ಸುಳ್ಳ ಎಂಬ ಹಳ್ಳಿಯಿಂದ ಕರೆ ಬಂತು. ಗಿರಿಜಾಳ ಕಾಕಾನ ಮಗಳು ಮೊದಲ ಬಸುರಿ, ಅವಳಿಗೆ ಹಸಿರು ಸೀರೆ ಉಡಿಸಿ ಆರತಿ ಮಾಡುವ ಕುಬಸ. ನೀಲಕ್ಕನ ಮನೆಯೂ ಹೊಲವೂ ಅದೇ ಊರಿನಲ್ಲಿ. ಹೋಗುವುದು ಸೈ, ಆದರೆ ನೆಟ್ಟಗೆ ಕಾಕಾನ ಮನೆಗೆ, ಆ ಕಡೆ ತಾನು ಕಣ್ಣೆತ್ತಿಯೂ ನೋಡುವುದಿಲ್ಲ ಎಂದು ಗಿರಿಜಾ ಹೊರಡುವ ಮೊದಲೇ ಸಾರಿದಳು. ಆಮೇಲೆ ಹೆಲ್ಮೆಟ್ಟಿನ ಜಗಳ. ಮಲ್ಲಿಗೆಯ ದಂಡೆ ಮುಡಿದ ಮೇಲೆ ಇದನ್ನು ಯಾರು ಹಾಕಿಕೊಳ್ಳುತ್ತಾರೆ ಎಂದು ಅವಳು, ಹೂವು ನಾಳೆಯೂ ಅರಳುತ್ತದೆ ಎಂದು ನಾನು. ಕೊನೆಗೆ ಹೆಲ್ಮೆಟ್ ಗೆದ್ದಿತು, ಮಲ್ಲಿಗೆ ಚಪ್ಪಟೆಯಾಯಿತು. ರೇಷ್ಮೆ ಸೀರೆಯ ನೆಪದಿಂದ ಒಂದೇ ಬದಿಗೆ ಕಾಲು ಹಾಕಿ ಕೂತಳು. ಅಲ್ಲಿ ನಾನು ಸೋತೆ.

ಹಿಂದಿನ ದಿನ ಮಳೆಯಾಗಿತ್ತು. ಕೇಶ್ವಾಪುರ ದಾಟಿ ಸುಳ್ಳದ ರಸ್ತೆ ಹಿಡಿದಾಗ ಎರಡೂ ಕಡೆ ಕಪ್ಪು ಎರೆ ಹೊಲ ನೀರು ಕುಡಿದು ಹೊಳೆಯುತ್ತಿತ್ತು. ಈ ಮಣ್ಣು ಹೊಲದಲ್ಲಿದ್ದರೆ ಬಂಗಾರ. ಟ್ರ್ಯಾಕ್ಟರಿನ ಗಾಲಿಗೆ ಅಂಟಿ ಡಾಂಬರಿಗೆ ಬಂದರೆ ಬೆಣ್ಣೆ. ಊರು ಹತ್ತಿರವಾದಂತೆ ಅಂಥದ್ದೇ ಒಂದು ಜಾಗ ಕಂಡಿತು. ಯಾವುದೋ ಟ್ರ್ಯಾಕ್ಟರು ಹೊಲದಿಂದ ಹತ್ತಿ, ರಸ್ತೆಯ ಅಗಲಕ್ಕೂ ಕರಿ ಬೆಣ್ಣೆ ಸವರಿ ಹೋಗಿತ್ತು. ನಾನು ದೂರದಿಂದಲೇ ವೇಗ ಇಳಿಸಿದೆ, ಬ್ರೇಕ್ ಮುಟ್ಟಲಿಲ್ಲ, ಹ್ಯಾಂಡಲ್ ನೆಟ್ಟಗೆ ಹಿಡಿದೆ. ಪಾಠದ ಪ್ರಕಾರ ನಾವು ಬೀಳಬಾರದಿತ್ತು.

ಆದರೆ ಆ ಹೊಲ ನೀಲಕ್ಕನದು. ಬದುವಿನ ಮೇಲೆ ಬುಟ್ಟಿ ಹಿಡಿದು ನಿಂತವಳೂ ನೀಲಕ್ಕನೇ. ಹೊಲ ಎಡಕ್ಕೆ, ಗಿರಿಜಾ ಕೂತದ್ದೂ ಎಡಕ್ಕೆ ಮುಖ ಮಾಡಿ. ನೋಡಬಾರದು ಎಂದರೆ ಕಣ್ಣು ಮುಚ್ಚಿದ್ದರೆ ಸಾಕಿತ್ತು. ಅಷ್ಟರಿಂದ ಆಕೆಯ ಸಿಟ್ಟಿಗೆ ಸಮಾಧಾನವಾಗಲಿಲ್ಲ. ಇಡೀ ಮೈಯನ್ನು ಬಲಕ್ಕೆ ಹೊರಳಿಸಿದಳು. ಹಿಂದಿನ ಗಾಲಿ ಒಂದು ಕಡೆ ಹೊರಟಿತು, ಮುಂದಿನ ಗಾಲಿ ಇನ್ನೊಂದು ಕಡೆ ಹೊರಟಿತು.

ಬೀಳುವುದಕ್ಕೂ ನಾವು ಅವಸರ ಮಾಡಲಿಲ್ಲ. ಗಾಡಿ ಕೋಣ ಮಲಗಿದ ಹಾಗೆ ಮೆಲ್ಲಗೆ ಮಗ್ಗುಲಾಯಿತು. ನಾನು ಅದರ ಜೊತೆಗೆ ಒಂದಿಷ್ಟು ಜಾರಿ ನಿಂತೆ. ಎದ್ದು ನೋಡಿದರೆ ಗಿರಿಜಾ ರಸ್ತೆಯ ಅಂಚಿನ ಕೆಸರಿನಲ್ಲಿ ಕಾಲು ಚಾಚಿ ಕೂತಿದ್ದಳು. ಹೆಲ್ಮೆಟ್ಟಿನ ಹಿಂಬದಿಗೆ ಅಂಗೈಯಗಲ ಮಣ್ಣು ಮೆತ್ತಿತ್ತು. ಅದಿಲ್ಲದಿದ್ದರೆ ಆ ಪೆಟ್ಟು ನೆಟ್ಟಗೆ ತಲೆಗೇ ತಾಗುತ್ತಿತ್ತು. ಅವಳಿಗೆ ಏನೂ ಆಗಿರಲಿಲ್ಲ.

ನಾನು ಅವಳ ಕಡೆ ಹೆಜ್ಜೆ ಇಡುವಷ್ಟರಲ್ಲಿ ನೀಲಕ್ಕ ಬುಟ್ಟಿ ಎಸೆದು ಓಡಿ ಬಂದಳು. ಎರೆ ಹೊಲದಲ್ಲಿ ಓಡುವುದೆಂದರೆ ಹೆಜ್ಜೆ ಹೆಜ್ಜೆಗೂ ಕಾಲಿಗೆ ಮಣ್ಣು ಮೆತ್ತಿ ಭಾರವಾಗುತ್ತದೆ. ಹುಟ್ಟಿದಾಗಿನಿಂದ ಆ ಮಣ್ಣಿನಲ್ಲೇ ನಡೆದವಳು, ಅದನ್ನೆಲ್ಲ ಮರೆತು ಬಂದಳು, ರಸ್ತೆಗೆ ಕಾಲಿಟ್ಟಳು, ಜಾರಿದಳು, ತಂಗಿಯ ಪಕ್ಕದಲ್ಲೇ ದೊಪ್ಪನೆ ಕೂತಳು.

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು.

“ಎರಿ ಮಣ್ಣಾಗ ಯಾರರ ಓಡ್ತಾರೇನಕ್ಕಾ?” ಗಿರಿಜಾ ಕೇಳಿದಳು. ಎರಡು ವರ್ಷದ ಮೇಲೆ ಅಕ್ಕನಿಗೆ ಆಡಿದ ಮೊದಲ ಮಾತು ಅದು.

“ನೀ ಬಿದ್ದಿದ್ದಿ ಅಲ್ಲ ಮತ್ತ,” ಎಂದಳು ನೀಲಕ್ಕ.

ಗಿರಿಜಾಳ ತುಟಿ ನಡುಗಿತು. ಅಳುತ್ತಾಳೆ ಎಂದುಕೊಂಡೆ. ನಗು ಬಂತು. ಮೊದಲು ಅವಳಿಗೆ, ಆಮೇಲೆ ಅಕ್ಕನಿಗೆ. ಹೆಲ್ಮೆಟ್ಟಿನೊಳಗಿನ ನಗು ಗಡಿಗೆಯೊಳಗಿಂದ ಬಂದಂತೆ ಕೇಳಿಸುತ್ತಿತ್ತು, ಅದಕ್ಕೆ ನೀಲಕ್ಕ ಇನ್ನಷ್ಟು ನಕ್ಕಳು, ಏಳಲು ಹೋಗಿ ಮತ್ತೆ ಕೂತಳು. ದಾರಿಯಲ್ಲಿ ಬಂದ ಒಬ್ಬ ಮುದುಕ ಸೈಕಲ್ಲಿನಿಂದ ಇಳಿದು, ಕೆಸರಿನಲ್ಲಿ ಕೂತು ನಗುವ ಇಬ್ಬರು ಹೆಂಗಸರನ್ನೂ ಪಕ್ಕದಲ್ಲಿ ನಿಂತ ನನ್ನನ್ನೂ ನೋಡಿ, ಸೈಕಲ್ ತಳ್ಳಿಕೊಂಡೇ ನಡೆದುಹೋದ.

ಗಿರಿಜಾ ಹೆಲ್ಮೆಟ್ ತೆಗೆದು ಗಂಭೀರವಾಗಿ, ನಮ್ಮನೆಯವರದೇನೂ ತಪ್ಪಿಲ್ಲ, ಎಲ್ಲ ಈ ರಸ್ತೆಯದೇ ತಪ್ಪು ಎಂದು ತೀರ್ಪು ಕೊಟ್ಟಳು. ಬದುವಿನ ಮೇಲೆ ನಿಂತು ಎಲ್ಲವನ್ನೂ ಕಂಡಿದ್ದ ನೀಲಕ್ಕ ನನ್ನನ್ನು ಒಮ್ಮೆ ನೋಡಿದಳು, ತಂಗಿಯನ್ನು ಒಮ್ಮೆ ನೋಡಿದಳು.

“ಹೌದವಾ, ರಸ್ತೇದ ತಪ್ಪು,” ಎಂದಳು. ಮತ್ತೆ ನನ್ನ ಕಡೆ ತಿರುಗಿ, “ಮಾಸ್ತರ, ನೀವು ಸಾವಕಾಶ ಹೊಡೆದ್ರಿ ಅಂತ ನನ್ನ ತಂಗಿ ಉಳದ್ಲು ನೋಡ್ರಿ,” ಎಂದಳು.

ನನ್ನ ಚಾಲನೆಗೆ ಸಿಕ್ಕ ಪ್ರಶಸ್ತಿ ಇದೊಂದೇ. ಕೆಸರು ಮೆತ್ತಿದ ಅಂಗಿಯಲ್ಲೇ ಸ್ವೀಕರಿಸಿದೆ.

ಆಮೇಲೆ ನೀಲಕ್ಕನ ಮನೆಯಲ್ಲಿ ಹಂಡೆ ನೀರು ಕಾದಿತು. ಬಚ್ಚಲಿನಿಂದ ಅಕ್ಕ ತಂಗಿಯ ಬೆನ್ನು ತಿಕ್ಕುತ್ತಾ ಬಯ್ಯುವುದು, ತಂಗಿ ಬಿಸಿ ನೀರಿಗೆ ಕೂಗುವುದು ಪಡಸಾಲೆಗೆ ಕೇಳಿಸುತ್ತಿತ್ತು. ಗಿರಿಜಾಳ ತಲೆಗೂದಲು ಬೆಳ್ಳಗಾಗಿ ಎಷ್ಟೋ ಕಾಲವಾಗಿದೆ, ಆದರೂ ಅಕ್ಕ ಮುಂದೆ ಕೂರಿಸಿಕೊಂಡು ಬಾಚಿದಳು. ಅಕ್ಕನ ಇಳಕಲ್ ಸೀರೆ ತಂಗಿಗೆ ಬಂತು. ನನಗೆ ನೀಲಕ್ಕನ ಯಜಮಾನರ ಧೋತರ ಸಿಕ್ಕಿತು. ಅವರು ನನಗಿಂತ ಗೇಣುದ್ದ ಎತ್ತರ, ಹೀಗಾಗಿ ಇಡೀ ಕುಬಸದಲ್ಲಿ ನಾನು ಧೋತರ ಎತ್ತಿ ಹಿಡಿದೇ ಓಡಾಡಿದೆ.

ಕಾಕಾನ ಮನೆಗೆ ನಡೆದೇ ಹೊರಟೆವು. ಗಾಡಿಯ ಗೇರಿನ ಕಡ್ಡಿ ಬಾಗಿದ್ದರಿಂದ ನಾನು ಅದನ್ನು ತಳ್ಳುತ್ತಾ ಹಿಂದೆ ಉಳಿದೆ. ಓಣಿಯೆಲ್ಲ ರಾಡಿ. ಒಗೆದ ಸೀರೆ ಕೆಡಬಾರದೆಂದು ಅಕ್ಕತಂಗಿಯರು ಒಬ್ಬರ ಕೈ ಒಬ್ಬರು ಬಿಗಿಯಾಗಿ ಹಿಡಿದು, ಒಂದೊಂದೇ ಹೆಜ್ಜೆ ನೋಡಿ ಇಡುತ್ತಾ ಹೋಗುತ್ತಿದ್ದರು. ಒಬ್ಬಳು ಜಾರಿದರೆ ಇನ್ನೊಬ್ಬಳು ಎಳೆಯುತ್ತಿದ್ದಳು. ಕಾಕಾನ ಮನೆಯ ಓಣಿಗೆ ತಿರುಗಿದಾಗ ಸಿಮೆಂಟಿನ ರಸ್ತೆ ಬಂತು. ಒಣಗಿದ, ಒರಟಾದ, ಘರ್ಷಣೆ ಬೇಕಾದಷ್ಟಿದ್ದ ರಸ್ತೆ. ಅಲ್ಲಿ ಯಾರೂ ಜಾರುವಂತಿರಲಿಲ್ಲ.

ಅವರು ಕೈ ಬಿಡಲಿಲ್ಲ.